ಖಾಸನೀಸ ಬಾಪುಗಳ ಕೋಟೆ ಪಾಠ

ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವುದರಿಂದ ದೊಡ್ಡವರಿಗೆ ಯಾವ ಅಪಾಯವೂ ಇಲ್ಲ ಎಂದು ನಮ್ಮ ಕೇಂಜಳೆ ವಾಡೆಯವರೆಲ್ಲ ನಂಬಿದ್ದರು. ಆ ದೀಪಾವಳಿ ಮುಗಿದ ಮೇಲೆ ಹಾಗೆ ನಂಬುವವರು ಒಬ್ಬರೂ ಉಳಿಯಲಿಲ್ಲ. ಈಗಲೂ ನಮ್ಮಲ್ಲಿ ಯಾವುದಾದರೂ ಮಗು ಇತಿಹಾಸದ ಪುಸ್ತಕ ಹಿಡಿದು, "ಅಜ್ಜಾ, ಒಂದು ಪ್ರಶ್ನೆ" ಎಂದರೆ ಅಜ್ಜನಾದವನು ಮೊದಲು ಬಾಗಿಲ ಕಡೆ ನೋಡುತ್ತಾನೆ.

ನಾನು ಶಿರ್ಕೆ. ಒಂದೇ ಅಂಗಳದ ಸುತ್ತ ಹಲವು ಬಾಡಿಗೆ ಮನೆಗಳಿರುವ ಈ ಹಳೆಯ ವಾಡೆಯ ಬೀದಿ ಬದಿಗೆ ನನ್ನ ಹಿಟ್ಟಿನ ಗಿರಣಿ. ಸಾತಾರೆಯಲ್ಲಿ ಪತ್ರಿಕೆ ಓದದೆ ಸುದ್ದಿ ತಿಳಿಯಬೇಕೆನ್ನುವವರು ಗಿರಣಿ ಇಟ್ಟುಕೊಳ್ಳಬೇಕು. ಗಿರಣಿಯ ಸದ್ದಿಗೆ ಜನ ಗುಟ್ಟನ್ನು ಕೂಗಿ ಹೇಳುತ್ತಾರೆ. ನಾನು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ ಕ್ಷಣ ಆ ಗುಟ್ಟಿನ ಬಾಲ ಬೀದಿಯ ಆ ತುದಿಯವರೆಗೂ ಕೇಳಿಸುತ್ತದೆ. ಹಿಂದಿನ ಕಿಟಕಿ ನೇರ ವಾಡೆಯ ಅಂಗಳಕ್ಕೇ ತೆರೆಯುವುದರಿಂದ ಕೇಳದೆ ಉಳಿದದ್ದು ಕಣ್ಣಿಗೆ ಬೀಳುತ್ತದೆ.

ವಾಡೆಯ ಮಾಲೀಕ ಮುಂಬಯಿಯಲ್ಲಿದ್ದ. ಹಳೆಯ ಗೋಡೆಗಳ ಮೇಲೆ ಬೇಸತ್ತು ಅವನು ಜಗದಾಳೆ ಎಂಬ ಬಿಲ್ಡರನಿಗೆ ಮಾತು ಕೊಟ್ಟ. ಜಗದಾಳೆ ವಾಡೆ ಕೆಡವಿ ಆರು ಮಹಡಿ ಎಬ್ಬಿಸುವವನು. ಬಾಡಿಗೆಯವರಲ್ಲಿ ಹೆಚ್ಚು ಮಂದಿ ಒಪ್ಪಿದರೆ ಮಿಕ್ಕವರ ಮಾತು ಯಾರೂ ಕೇಳುವುದಿಲ್ಲ ಎಂದು ಅವನು ಊರಿಗೆಲ್ಲ ಕೇಳುವಂತೆ ಹೇಳಿಕೊಂಡು ತಿರುಗಿದ್ದ. ಆಗ ವಾಡೆಯ ಹಿರಿಯರಾದ ಅಪ್ಪಾ ಪೋತದಾರರು, ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ನಮ್ಮನ್ನೆಲ್ಲ ಅಂಗಳಕ್ಕೆ ಕರೆದು ತುಳಸಿಕಟ್ಟೆಯ ಮೇಲೆ ಕೈ ಇಡಿಸಿದರು. ಜಗದಾಳೆಯ ಹತ್ತಿರ ಯಾರೂ ಒಬ್ಬೊಬ್ಬರೇ ಮಾತಾಡಬಾರದು. ಹೋದರೆ ಎಲ್ಲರೂ, ಇಲ್ಲವಾದರೆ ಯಾರೂ ಇಲ್ಲ.

ಈ ಆಣೆಯಿಂದ ಎಲ್ಲರಿಗಿಂತ ಹೆಚ್ಚು ಉಳಿದುಕೊಂಡವರು ಖಾಸನೀಸ ಬಾಪು. ಮೆಟ್ಟಿಲ ಹಿಂದಿನ ಎರಡು ಕೋಣೆ ಅವರದು. ಹಳೆಯ ಮಾಲೀಕರು ಸ್ನೇಹಕ್ಕೆ ಬಾಯಿಮಾತಿನಲ್ಲಿ ಕೊಟ್ಟದ್ದು, ಒಂದು ಚೀಟಿ ಚೂರೂ ಇಲ್ಲ. ವಾಡೆ ಬಿದ್ದರೆ ನಮಗೆಲ್ಲ ಎಲ್ಲಾದರೂ ಒಂದು ಮನೆ ಸಿಕ್ಕೀತು, ಬಾಪುಗಳಿಗೆ ಸಿಗುವುದು ರಸ್ತೆ. ಹೆಂಡತಿ ತೀರಿಹೋದ, ಮಕ್ಕಳಿಲ್ಲದ, ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ನಿವೃತ್ತರಾದ ಮನುಷ್ಯ. ಆದರೂ ಅವರಿಗೆ ಚಿಂತೆ ಇರಲಿಲ್ಲ. "ಆಣೆ ಆಗ್ಯದಲ್ಲ" ಎನ್ನುತ್ತಿದ್ದರು.

ಮಿಕ್ಕವರಿಗೆ ಚಿಂತೆ ಶುರುವಾದದ್ದೇ ಆಣೆಯಿಂದ. ಅದಕ್ಕೆ ಮೊದಲು ಯಾರೂ ಯಾರನ್ನೂ ಅನುಮಾನಿಸಿರಲಿಲ್ಲ. ಆಣೆಯ ಮರುದಿನ ಲಲಿತಾಕಾಕು ದಾತೆಯವರು ಉಪ್ಪಿನಕಾಯಿ ಅರೆಯಲು ಹೊಸ ಮಿಕ್ಸರ್ ತಂದರೆ, ಟೆಂಪೋ ಇಟ್ಟುಕೊಂಡಿರುವ ಸುರೇಶ ಕುದಳೆ ಗಿರಣಿಗೆ ಬಂದು ನನ್ನ ಕಿವಿಯಲ್ಲಿ, "ಮಿಕ್ಸರ್ ಎಲ್ಲಿಂದ ಬಂತು, ಶಿರ್ಕೆ ದಾದಾ? ಸ್ವಲ್ಪ ವಿಚಾರ ಮಾಡ್ರಿ" ಎಂದ. ಕುದಳೆ ಟೆಂಪೋಕ್ಕೆ ಹೊಸ ಟಯರ್ ಹಾಕಿಸಿದಾಗ ಕಾಕು ಚಕ್ಕುಲಿ ಹಿಟ್ಟಿನ ಡಬ್ಬ ನನ್ನ ಮುಂದೆ ಕುಕ್ಕಿ, "ನಾಲ್ಕೂ ಟಯರ್ ಒಮ್ಮೆಲೆ ಸವಿತಾವೇನು? ನಾ ಏನೂ ಅನ್ನಂಗಿಲ್ಲ" ಎಂದು ಎಲ್ಲವನ್ನೂ ಅಂದರು.

ಇಂಥ ಸಮಯದಲ್ಲಿ ಕುದಳೆಯ ಮಗಳು ಮುಕ್ತಾ ಸಮಾಜ ವಿಜ್ಞಾನದಲ್ಲಿ ನಪಾಸಾದಳು. ಆರನೆಯ ತರಗತಿ. ಲೆಕ್ಕದಲ್ಲಿ ಹುಷಾರು, ಇತಿಹಾಸ ಎಂದರೆ ಆಕಳಿಕೆ. ಕುದಳೆ ಗಿರಣಿಯ ಬಾಗಿಲಲ್ಲಿ ನಿಂತು ತನ್ನ ದುಃಖ ತೋಡಿಕೊಳ್ಳುತ್ತಿದ್ದ. ಬಾಪು ಗೋಧಿ ಚೀಲ ಹಿಡಿದು ಸರದಿಯಲ್ಲಿದ್ದರು.

"ಪುಸ್ತಕದಿಂದ ಇತಿಹಾಸ ಬರೂದಿಲ್ಲ ಸುರೇಶ" ಎಂದರು ಬಾಪು. "ಕೈಯಿಂದ ಬರ್ತದ. ನಾ ಮೂವತ್ತು ವರ್ಷ ಆ ಕಿಟಕಿಯಾಗಿಂದ ಅರ್ಧ ಮಹಾರಾಷ್ಟ್ರಕ್ಕ ಭೂಗೋಳ ಕಲಿಸೀನಿ."

"ನೀವು ಬಸ್ಸಿನ ಹೊತ್ತು ಹೇಳ್ತಿದ್ರಿ, ಬಾಪು."

"ಹೊತ್ತು ಅಂದ್ರ ಇತಿಹಾಸ. ಬಸ್ಸು ಹೋಗೂದು ಭೂಗೋಳ. ಜನಾ ಸಾಲಿನಾಗ ನಿಂದ್ರೂದು ನಾಗರಿಕಶಾಸ್ತ್ರ. ಇನ್ನೇನು ಉಳೀತು?"

ಸಂಜೆಯೊಳಗೆ ಮೆಟ್ಟಿಲ ಗೋಡೆಗೆ ಒಂದು ರಟ್ಟಿನ ಫಲಕ ಬಂತು: ಐದು, ಆರು, ಏಳನೆಯ ತರಗತಿಯವರಿಗೆ ಉಚಿತ ಮಾರ್ಗದರ್ಶನ, ಸಂಜೆ ಐದಕ್ಕೆ, ಅಂಗಳದಲ್ಲಿ. ಕೆಳಗೆ "ಪ್ರಾಚಾರ್ಯ ಖಾಸನೀಸ" ಎಂದಿತ್ತು. ಯಾವ ಕಾಲೇಜಿನ ಪ್ರಾಚಾರ್ಯರೆಂದು ಅಪ್ಪಾ ಕೇಳಿದ್ದಕ್ಕೆ, ಇನ್ನೂ ಕಟ್ಟಿಲ್ಲ ಎಂದರು.

ಅಪ್ಪಾ ತಮ್ಮ ಮೊಮ್ಮಗ ನಿನಾದನನ್ನು ಕಳಿಸಿದರು, ಕಾಕು ಮೊಮ್ಮಗಳು ಶಾಲ್ಮಲಿಯನ್ನು ಕಳಿಸಿದರು, ಮುಕ್ತಾಳನ್ನು ಕುದಳೆ ಕಿವಿ ಹಿಡಿದು ತಂದು ಕೂರಿಸಿದ. ಇನ್ನೊಂದು ನಾಲ್ಕು ಮಕ್ಕಳು ಓಣಿಯಿಂದ ಬಂದವು. ಬಾಪುಗಳ ಪಾಠ ಮಕ್ಕಳಿಗೆ ರುಚಿಸಿತು. ಅವರ ಇತಿಹಾಸದಲ್ಲಿ ಶತ್ರುಸೈನ್ಯ ಬೆಳಗಿನ ಆರಕ್ಕೆ ಹೊರಟು, ಫಲಟಣದಲ್ಲಿ ಚಹಾಕ್ಕೆ ನಿಂತು, ಲೋಣಂದದಲ್ಲಿ ತಡವಾಗಿ, ಕೋಟೆಯ ಬುಡಕ್ಕೆ ಬರುವಷ್ಟರಲ್ಲಿ ಸುಸ್ತಾಗಿರುತ್ತಿತ್ತು. ಮುಕ್ತಾ ಆಕಳಿಸುವುದನ್ನು ಬಿಟ್ಟಳು.

ದೀಪಾವಳಿ ಹತ್ತಿರ ಬಂದಾಗ ಮಕ್ಕಳು ಪ್ರತಿ ವರ್ಷದಂತೆ ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಲು ಹೊರಟರು. ಬಾಪು ಅದನ್ನೇ ಪಾಠವನ್ನಾಗಿ ಮಾಡಿದರು. ಕಲ್ಲು, ಇಟ್ಟಿಗೆ, ಗೋಣಿಚೀಲ, ಅದರ ಮೇಲೆ ಕೆಮ್ಮಣ್ಣು, ಮಣ್ಣಿನ ಮೇಲೆ ಸಾಸಿವೆ ಬಿತ್ತಿ ಹಸಿರು. ಮುಂದೆ ದೊಡ್ಡ ಬಾಗಿಲು. ಹಿಂದೆ, ನಲ್ಲಿಯ ಕಡೆಗೆ, ಕಳ್ಳದಾರಿಯ ಸಣ್ಣ ಬಾಗಿಲು. ಹೆಸರಿಲ್ಲದ ಸೈನಿಕರನ್ನು ಮಕ್ಕಳು ನೆನಪಿಡುವುದಿಲ್ಲವೆಂದು ಸಂತೆಯಿಂದ ತಂದ ಮಣ್ಣಿನ ಸೈನಿಕರ ಬೆನ್ನಿಗೆಲ್ಲ ವಾಡೆಯವರ ಹೆಸರಿನ ಚೀಟಿ ಅಂಟಿಸಿದರು. ಅಪ್ಪಾ ಕೋಟೆಯ ಅಧಿಕಾರಿ. ಕಾಕು ಕಣಜದ ಕಾವಲು. ಕುದಳೆ ಕುದುರೆ ಲಾಯ. ನಾನು ನಗಾರಿ ಬಾರಿಸುವವನು, ಗಿರಣಿಯ ಸದ್ದಿಗೆ ಸಿಕ್ಕ ಗೌರವ. ಹಿಂಬಾಗಿಲಿನ ಸೈನಿಕನ ಬೆನ್ನಿಗೆ ಮಾತ್ರ ಹೆಸರಿರಲಿಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು.

"ಕೋಟೆ ತೋಪಿನಿಂದ ಬೀಳೂದಿಲ್ಲ" ಎಂದರು ಬಾಪು ಮಕ್ಕಳಿಗೆ. "ಪಿತೂರಿಯಿಂದ ಬೀಳ್ತದ. ಒಳಗಿನವನ ಒಬ್ಬಾಂವ ಹಿಂಬಾಗಿಲ ತೆಗೀತಾನ. ಇವತ್ತಿನ ಮನೆಗೆಲಸ ಇಷ್ಟ. ಮನ್ಯಾಗ ದೊಡ್ಡವರನ್ನ ಕೇಳ್ರಿ, ನಮ್ಮ ಕೋಟೆ ಹಿಂಬಾಗಿಲ ತೆಗೆಯೋ ಮನುಷ್ಯಾ ಯಾರು? ಶತ್ರು ಅವಗ ಏನು ಕೊಡ್ತೀನಂತಾನ?"

ಇದು ಇಡೀ ರಾಜ್ಯದಲ್ಲಿ ಯಾವ ಮನೆಯಲ್ಲಾದರೂ ಕೇಳಬಹುದಾದ ಪ್ರಶ್ನೆ. ಕೇಂಜಳೆ ವಾಡೆಯಲ್ಲಿ ಮಾತ್ರ ಆ ವಾರ ಕೇಳಬಾರದಾಗಿತ್ತು.

ಕುದಳೆ ಜೋಳದ ರೊಟ್ಟಿ, ಝುಣಕ ತಿನ್ನುತ್ತ ಕೂತಿದ್ದ. ಮುಕ್ತಾ ಎದುರಿಗೆ ಕೂತು, "ಪಪ್ಪಾ, ನಮ್ಮಾಗ ಹಿಂಬಾಗಿಲ ತೆಗೆದು ಶತ್ರುವನ್ನ ಒಳಗ ಬಿಡಾವ್ರು ಯಾರು?" ಎಂದಳು. ರೊಟ್ಟಿ ಗಂಟಲಲ್ಲೇ ನಿಂತಿತು. ಹೆಂಡತಿ ಬೆನ್ನು ಗುದ್ದಿದಳು. ಉಸಿರು ಬಂದ ಕೂಡಲೇ ಅವನು ಕೇಳಿದ್ದು, "ಯಾರು ಹೇಳಿದ್ರು ನಿನಗ ಇದನ್ನ ಕೇಳಂತ?"

"ಬಾಪು. ಅವರಿಗೆ ಉತ್ತರ ಗೊತ್ತೈತಿ. ನಾವು ಹುಡುಕಬೇಕಂತ."

ಮರುದಿನ ಬೆಳಿಗ್ಗೆ ಗಿರಣಿ ತೆರೆಯುವ ಮೊದಲೇ ಕುದಳೆ ಬಾಗಿಲಲ್ಲಿದ್ದ. ಕೈಯಲ್ಲಿ ಬೀಸಿಸಲು ಏನೂ ಇರಲಿಲ್ಲ. "ದಾದಾ, ಬಾಪುಗ ಯಾರು ಹೇಳ್ಯಾರ?" ಎಂದ.

"ಏನು ಹೇಳ್ಯಾರ?"

"ಏನೂ ಇಲ್ಲ. ಸುಮ್ಮ ಕೇಳಿದೆ" ಎಂದು ಹೋದ. ಅವನು ಹೋದ ಮೇಲೆ ಕಾಕು ಬಂದು ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಕೊಟ್ಟು, ಬೀಸಿಸಲು ತಂದ ಡಬ್ಬವನ್ನು ಮರೆತು ಹೋದರು.

ಅಂದು ಸಂಜೆ ನಾನು ಗಿರಣಿ ನಿಲ್ಲಿಸಿ ಹಿಂದಿನ ಕಿಟಕಿಯ ಹತ್ತಿರ ಕೂತೆ. ಕದ್ದು ಕೇಳುವ ಅಭ್ಯಾಸ ನನಗಿಲ್ಲ, ಯಂತ್ರಕ್ಕೆ ವಿಶ್ರಾಂತಿ ಬೇಕಿತ್ತು.

"ಶತ್ರು ಏನು ಕೊಡ್ತಾನ?" ಎಂದು ಬಾಪು ಕೇಳಿದರು. "ನಿನಾದ, ಹೇಳು."

"ರಸ್ತೆ ಕಡೆ ಮೂಲೆ ಮನೆ ರೀ. ಮೊದಲನೇ ಮಹಡಿ. ಅಜ್ಜ ಮನ್ಯಾಗ ಅಜ್ಜೀಗ ಹೇಳ್ತಿದ್ರು, ಮುಂಜಾನಿ ಬಿಸಲು ಬರ್ತದಂತ."

"ಪುಸ್ತಕದಾಗ ಜಹಗೀರು ಅಂತ ಅದ" ಎಂದರು ಬಾಪು ಸ್ವಲ್ಪ ಬೇಸರದಿಂದ. "ಶಾಲ್ಮಲಿ?"

"ಮೂಲೆ ಮನೆ. ರಸ್ತೆ ಕಡೆ. ಉಪ್ಪಿನಕಾಯಿ ಬಿಸಲಿಗಿಡಾಕ ದೊಡ್ಡ ಬಾಲ್ಕನಿ."

"ಮುಕ್ತಾ?"

"ಮೂಲೆ ಮನೆ ರೀ. ಕೆಳಗ ಟೆಂಪೋ ನಿಂದ್ರಿಸಾಕ ಜಾಗ. ಲಿಫ್ಟ್ ಐತಿ."

ಬಾಪುಗಳ ಮುಖ ಕೆಂಪಾಯಿತು. ಮೂವತ್ತು ವರ್ಷ ಸರದಿ ತಪ್ಪಿಸುವವರನ್ನು ಹಿಡಿದ ಕಣ್ಣು ಅದು. "ಮೂರೂ ಮಂದಿ ಒಂದ ಉತ್ತರ ಬರದೀರಿ. ಯಾರು ಯಾರದನ್ನ ನೋಡಿ ಬರದ್ರಿ? ಮುನ್ನೂರು ವರ್ಷದ ಹಿಂದ ಲಿಫ್ಟ್ ಎಲ್ಲಿತ್ತು? ನಕಲು ಮಾಡೋದಾದ್ರ ಕಾಲಾ ನೋಡಿ ಮಾಡ್ರಿ" ಎಂದು ಬೈದರು. ಮಕ್ಕಳು ತಾವು ನಕಲು ಮಾಡಿಲ್ಲವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

ನನಗೆ ಮಾತ್ರ ಅರ್ಥವಾಯಿತು. ಒಳಗೆ ಓಡಿ ಹೆಂಡತಿ ಇಂದುವಿಗೆ ಹೇಳಿದೆ, "ಆಣೆ ಇಟ್ಟವರು ಎಲ್ಲಾರೂ ಒಬ್ಬೊಬ್ಬರ ಹೋಗಿ ಜಗದಾಳೆಗೆ ಮಾತು ಕೊಟ್ಟಾರ. ಆಣೆ ಇಡಿಸಿದ ಅಪ್ಪಾನೂ ಸೈತ. ಎಲ್ಲಾರಿಗೂ ಒಂದ ಮೂಲೆ ಮನೆ ಹೇಳ್ಯಾನ ಅಂವ."

ಇಂದು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ನಮಗ ಮೂಲೆ ಅಂಗಡಿ ಅಂದಾನ" ಎಂದಳು.

"ಯಾವಾಗ?"

"ಹೋದ ಮಂಗಳವಾರ. ನೀವು ಗಿರಣಿ ಯಂತ್ರದ ಪಟ್ಟಾ ತರಾಕ ಹೋಗಿದ್ರಿ. ನಾ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಪಾಡ್ಯದ ದಿನ ಮುಂಜಾನಿ ಒಂಬತ್ತೂವರಿಗೆ ಮುಹೂರ್ತ ಐತಂತ, ಆಫೀಸಿಗೆ ಬಂದು ಸಹಿ ಮಾಡ್ರಿ ಅಂದಾನ. ಯಾರಿಗೂ ಹೇಳಬ್ಯಾಡ್ರಿ, ನಿಮಗೊಬ್ಬರಿಗೇ ಅಂತನೂ ಅಂದಾನ."

ಮೂಲೆ ಮನೆಯ ಕೆಳಗೆ ಮೂಲೆ ಅಂಗಡಿ ಇರಲು ಅಡ್ಡಿಯೇನಿಲ್ಲ ಎಂದು ನನಗೆ ಒಂದು ಕ್ಷಣ ಅನಿಸಿದ್ದು ನಿಜ. ಆಮೇಲೆ ಮೆಟ್ಟಿಲ ಹಿಂದಿನ ಎರಡು ಕೋಣೆ ಕಣ್ಣ ಮುಂದೆ ಬಂದವು. ಪಾಡ್ಯಕ್ಕೆ ಐದು ದಿನ ಇತ್ತು. ಬಾಪುಗಳಿಗೆ ಹೇಳೋಣವೆಂದು ಎದ್ದರೆ ಇಂದು, "ಹೇಳಿದ್ರ ನಮಗ ಹೆಂಗ ಗೊತ್ತಾತು ಅಂತ ಕೇಳ್ತಾರ. ಆಮ್ಯಾಲ ಪಿತೂರಿ ಮಾಡಿದವರು ನಾವ ಆಗ್ತೀವಿ" ಎಂದಳು. ಈ ವಾಡೆಯಲ್ಲಿ ಹಾಗಾಗುವ ಸಂಭವ ಪೂರ್ತಿ ಇತ್ತು. ನಾನು ಕೂತೆ.

ಮರುದಿನ ಅಪ್ಪಾ ಪೋತದಾರರು ತಾವೇ ಬಾಪುಗಳ ಕೋಣೆಗೆ ಹೋದರು. ಹತ್ತು ವರ್ಷದಲ್ಲಿ ಅವರು ಆ ಹೊಸ್ತಿಲು ದಾಟಿದ್ದನ್ನು ನಾನು ನೋಡಿರಲಿಲ್ಲ. ಬಾಪು ಬಾಗಿಲು ತೆರೆದಿಟ್ಟೇ ಮಾತಾಡುವವರು, ಆದ್ದರಿಂದ ಅಂಗಳಕ್ಕೆಲ್ಲ ಕೇಳಿಸಿತು.

"ಬಾಪು, ನಿಮಗ ಎಷ್ಟು ಗೊತ್ತದ?"

"ಎಲ್ಲಾ ಗೊತ್ತದ, ಅಪ್ಪಾ" ಎಂದರು ಬಾಪು, ತಮ್ಮ ಇತಿಹಾಸ ಜ್ಞಾನದ ಬಗ್ಗೆ ಕೊನೆಗೂ ಒಬ್ಬರು ಕೇಳಿದ ಸಂತೋಷದಲ್ಲಿ. "ಯಾರು, ಯಾವಾಗ, ಯಾವ ಬಾಗಿಲಿಂದ, ಎಲ್ಲಾ."

"ಹೆಸರೂ?"

"ಹೆಸರಿಲ್ಲದ ಇತಿಹಾಸ ಏನು ಇತಿಹಾಸ? ಆದ್ರ ನಾ ಬಾಯಿ ಬಿಡಾಂಗಿಲ್ಲ. ಮಕ್ಕಳ ಹೇಳಬೇಕು. ಲಕ್ಷ್ಮೀಪೂಜೆ ದಿನ ಊರಾಗಿನ ಕೋಟೆ ಸ್ಪರ್ಧೆಯವರು ನೋಡಲಿಕ್ಕ ಬರ್ತಾರ. ಅವರ ಮುಂದ, ವಾಡೆದವರೆಲ್ಲರ ಮುಂದ, ಮಕ್ಕಳು ಎಲ್ಲಾ ಬಿಚ್ಚಿ ಹೇಳ್ತಾರ."

ಅಪ್ಪಾ ಇನ್ನೂ ಹತ್ತಿರ ಸರಿದರು. "ಏನಾದ್ರೂ ತಿಳುವಳಿಕೆ ಮಾಡ್ಕೋಬಹುದಲ್ಲ, ಬಾಪು. ನಿಮಗೂ ಒಂದು ಮನೆ ನೋಡಬಹುದು."

"ನನಗ ಯಾಕ ಮನೆ? ಇದ ಅದಲ್ಲ" ಎಂದು ಬಾಪು ನಕ್ಕರು. ಅಪ್ಪಾ ಇದನ್ನು ಸವಾಲು ಎಂದು ತಿಳಿದು ಹೊರಗೆ ಬಂದರು.

ಅಂದು ಸಂಜೆ ನಿನಾದ ಪಾಠಕ್ಕೆ ಬರಲಿಲ್ಲ, ಜ್ವರವಂತೆ. ಶಾಲ್ಮಲಿಗೆ ಹೊಟ್ಟೆನೋವು. ಮುಕ್ತಾಳನ್ನು ಕುದಳೆ ಟೆಂಪೋದಲ್ಲಿ ಕೂರಿಸಿಕೊಂಡು ಎಲ್ಲೋ ಹೋದ. ಬಾಪು ಓಣಿಯ ನಾಲ್ಕು ಮಕ್ಕಳ ಎದುರು ಕೂತು ಮೂರು ಖಾಲಿ ಚಾಪೆಗಳನ್ನು ನೋಡುತ್ತಿದ್ದರು. ಪಾಪ, ಪಾಠ ಅರ್ಧಕ್ಕೇ ನಿಲ್ಲಿಸಿದರು.

ಆದರೆ ಕಾಕು ಮೆಟ್ಟಿಲ ಮೇಲೆ ನಿಂತು ಆ ಖಾಲಿ ಚಾಪೆಗಳನ್ನು ಎಣಿಸಿದ್ದರು. ತನ್ನ ಮೊಮ್ಮಗಳು ಬರಲಿಲ್ಲವೆಂದರೆ ತನ್ನ ಮನೆಯಲ್ಲಿ ಏನೋ ಇದೆ ಎಂದಾಗುವುದಿಲ್ಲವೇ? ಅಪ್ಪಾ ತಮ್ಮ ಕಿಟಕಿಯಿಂದ ಎಣಿಸಿ ಅದನ್ನೇ ಯೋಚಿಸಿದರು. ಕುದಳೆ ಟೆಂಪೋದಿಂದ ಇಳಿಯುತ್ತಲೇ ಎಣಿಸಿದ. ಮರುದಿನ ಐದಕ್ಕೆ ಮೊದಲೇ ಮೂರೂ ಮಕ್ಕಳು ತಲೆಗೆ ಎಣ್ಣೆ ಹಚ್ಚಿಸಿಕೊಂಡು ಹಾಜರಾಗಿದ್ದವು. ಜ್ವರ, ಹೊಟ್ಟೆನೋವು ಯಾವುದರ ಸುಳಿವೂ ಇರಲಿಲ್ಲ.

ಇನ್ನು ಉಳಿದದ್ದು ಕೋಟೆ. ನಮ್ಮ ಊರಿನಲ್ಲಿ ಮಧ್ಯಾಹ್ನ ಊಟದ ನಂತರದ ನಿದ್ದೆ ದೇವರ ಪೂಜೆಯಷ್ಟೇ ಪವಿತ್ರ. ಒಂದರಿಂದ ನಾಲ್ಕರವರೆಗೆ ಅಂಗಳದಲ್ಲಿ ನಾಯಿ ಕೂಡ ತುದಿಗಾಲಲ್ಲಿ ನಡೆಯುತ್ತದೆ. ನನಗೆ ಹಬ್ಬದ ಬೀಸುವಿಕೆ ಇದ್ದುದರಿಂದ ನಿದ್ದೆ ಇರಲಿಲ್ಲ. ಹೀಗಾಗಿ ಮೊದಲು ನೋಡಿದ್ದು ನಾನೇ. ಲಲಿತಾಕಾಕು ಸೆರಗು ಬಿಗಿದು, ಚಪ್ಪಲಿ ಕೈಯಲ್ಲಿ ಹಿಡಿದು ಬಂದರು. ಲಾಯದ ಹತ್ತಿರ ಇದ್ದ ಕುದಳೆ ಎಂಬ ಸೈನಿಕನನ್ನು ಎರಡು ಬೆರಳಲ್ಲಿ ಎತ್ತಿ ಹಿಂಬಾಗಿಲ ಹತ್ತಿರ ಇಟ್ಟು, ದೇವರ ಮುಂದೆ ದೀಪ ಇಟ್ಟವರಂತೆ ಹಿಂದೆ ಸರಿದು ನೋಡಿ, ಹೋದರು.

ಅರ್ಧ ಗಂಟೆಯ ನಂತರ ಕುದಳೆ ಬಂದ. ತನ್ನನ್ನು ಹಿಂಬಾಗಿಲಲ್ಲಿ ಕಂಡು ಹೌಹಾರಿದ. ತನ್ನನ್ನು ಎತ್ತಿ ಲಾಯಕ್ಕೆ ಕಳಿಸಿ, ಕಣಜದಿಂದ ಕಾಕುಗಳನ್ನು ತಂದು ಅಲ್ಲಿ ನಿಲ್ಲಿಸಿದ. ಆಮೇಲೆ ಅಪ್ಪಾ ಬಂದು ಕಾಕುಗಳ ಪಕ್ಕ ಕುದಳೆಯನ್ನೂ ನಿಲ್ಲಿಸಿ, ಇಬ್ಬರಿದ್ದರೆ ಅನುಮಾನ ಗಟ್ಟಿ ಎಂಬಂತೆ ತಲೆಯಾಡಿಸಿದರು. ಅವರು ಹೋದ ಮೇಲೆ ಮೇಲಿನ ಮಹಡಿಯ ಬಾಡಿಗೆಯವರು ಬಂದು ಅಧಿಕಾರಿ ಅಪ್ಪಾನನ್ನೇ ಅಲ್ಲಿಗೆ ಇಳಿಸಿದರು. ಇದೆಲ್ಲ ನಡೆಯುವಾಗ ಒಬ್ಬರು ಇನ್ನೊಬ್ಬರಿಗೆ ಸಿಗಲಿಲ್ಲ. ಎಲ್ಲರೂ ಮೊದಲು ಬಾಗಿಲ ಸಂದಿಯಿಂದ ನೋಡಿಯೇ ಬರುತ್ತಿದ್ದರು.

ಸಂಜೆ ಬಾಪು ನೋಡಿ ಬೆಕ್ಕಿನ ಕೆಲಸ ಎಂದರು. ಎಲ್ಲರನ್ನೂ ಮತ್ತೆ ಅವರವರ ಜಾಗಕ್ಕೆ ಇಟ್ಟರು. ಮರುದಿನ ಮಧ್ಯಾಹ್ನ ಬೆಕ್ಕು ಮತ್ತೆ ಬಂತು. ಮುಕ್ತಾ ಮಾತ್ರ ಕೆಳಗೆ ಕೂತು ಮಣ್ಣಿನ ಮೇಲಿನ ಹೆಜ್ಜೆ ನೋಡಿ, "ಬಾಪು, ಬೆಕ್ಕು ಬರಿಗಾಲಿಲೆ ಬರ್ತೈತಿ. ದೊಡ್ಡ ಕಾಲು ಐತಿ" ಎಂದಳು. ಬಾಪು ಅವಳಿಗೆ ಪ್ರಾಣಿಶಾಸ್ತ್ರ ಬೇರೆ ವಿಷಯ ಎಂದರು.

ಲಕ್ಷ್ಮೀಪೂಜೆಯ ದಿನ ಸ್ಪರ್ಧೆಯವರು ಹೇಳಿದ್ದಕ್ಕಿಂತ ಮೊದಲೇ, ಮೂರೂವರೆಗೇ ಬಂದುಬಿಟ್ಟರು. ಬೆಕ್ಕುಗಳ ಕೆಲಸ ಆಗಷ್ಟೇ ಮುಗಿದಿತ್ತು. ಬಾಪುಗಳಿಗೆ ಸೈನಿಕರನ್ನು ಸರಿಪಡಿಸಲು ಸಮಯವೇ ಸಿಗಲಿಲ್ಲ. ಪರೀಕ್ಷಕಿಯಾಗಿ ಬಂದವರು ನಿವೃತ್ತ ಮುಖ್ಯೋಪಾಧ್ಯಾಯಿನಿ ಶಿಧೋರೆ ಬಾಯಿ, ದಪ್ಪ ಕನ್ನಡಕ, ಕೈಯಲ್ಲಿ ಕೊಡೆ. ಅವರ ಹಿಂದೆ ಬಿಳಿ ಬಟ್ಟೆ, ಗುಲಾಬಿ ಅತ್ತರಿನ ವಾಸನೆಯೊಂದಿಗೆ ಬಂದವನು ಜಗದಾಳೆ. ಈ ವರ್ಷದ ಬಹುಮಾನಗಳೆಲ್ಲ ಅವನ ಕೊಡುಗೆ.

ವಾಡೆಯವರೆಲ್ಲ ಅಂಗಳಕ್ಕೆ ಬಂದರು. ಜಗದಾಳೆಯನ್ನು ಜನ್ಮದಲ್ಲಿ ಮೊದಲ ಸಲ ನೋಡಿದವರಂತೆ ಒಬ್ಬೊಬ್ಬರೂ ನಮಸ್ಕಾರ ಮಾಡಿದರು. ಕುದಳೆ, "ತಮ್ಮ ಹೆಸರು?" ಎಂದು ಕೂಡ ಕೇಳಿದ. ಜಗದಾಳೆ ಕಲಿತವನು, ಹೆಸರು ಹೇಳಿ ಪರಿಚಯ ಮಾಡಿಕೊಂಡ.

ಶಿಧೋರೆ ಬಾಯಿ ಕೋಟೆಯನ್ನು ಒಂದು ಸುತ್ತು ಹಾಕಿದರು. ಹಸಿರು ಚೆನ್ನಾಗಿದೆ ಎಂದರು, ನೀರಿನ ತೊಟ್ಟಿ ಚೆನ್ನಾಗಿದೆ ಎಂದರು. ಆಮೇಲೆ ಬಾಗಿ ನೋಡಿದರು. ದೊಡ್ಡ ಬಾಗಿಲಲ್ಲಿ ಒಬ್ಬನೂ ಇಲ್ಲ. ಬುರುಜಿನಲ್ಲಿ ಇಲ್ಲ, ಕಣಜದಲ್ಲಿ ಇಲ್ಲ. ಇಡೀ ಸೈನ್ಯ ಹಿಂಬಾಗಿಲ ಹತ್ತಿರ ಹೆಗಲಿಗೆ ಹೆಗಲು ತಾಗಿಸಿ, ಬಸ್ಸು ಹತ್ತುವವರಂತೆ ನೂಕಾಡುತ್ತ ನಿಂತಿತ್ತು.

"ಇದೇನು?" ಎಂದು ಕೊಡೆಯ ತುದಿಯಿಂದ ತೋರಿಸಿದರು. "ಇಂಥಾ ಕೋಟೆ ನಾ ನೋಡಿಲ್ಲ. ಯಾರು ಹೇಳ್ತೀರಿ?"

ಬಾಪು ಬೆಕ್ಕಿನ ವಿಷಯ ತೆಗೆಯಲು ಬಾಯಿ ತೆರೆದರು. ಅಷ್ಟರಲ್ಲಿ ಮುಕ್ತಾ ಎದ್ದು ನಿಂತಳು. ಇತಿಹಾಸದಲ್ಲಿ ನಪಾಸಾದ ಹುಡುಗಿ ಕೈ ಕಟ್ಟಿಕೊಂಡು ಹೇಳಿದಳು.

"ಬಾಯಿ, ಇವರೆಲ್ಲಾ ಕೋಟೆ ಕಾಯ್ತೀವಿ ಅಂತ ಆಣೆ ಇಟ್ಟವರು. ಆಮ್ಯಾಲ ಶತ್ರು ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಕರದು ಮಾತಾಡಿದ. ನಾ ಮೊದಲು ಬಾಗಿಲ ತೆಗೀತೀನಿ, ನಾ ಮೊದಲು ತೆಗೀತೀನಿ ಅಂತ ಎಲ್ಲಾರೂ ಇಲ್ಲಿ ಬಂದು ನಿಂತಾರ. ಮುಂದಿನ ಬಾಗಿಲ ಕಾಯಾಕ ಯಾರೂ ಉಳದಿಲ್ಲ."

ಜಗದಾಳೆ ಕೈಗಡಿಯಾರ ನೋಡಿ, "ಬಾಯಿ, ಇನ್ನೂ ಹದಿನಾಲ್ಕು ಕೋಟೆ ನೋಡೂದೈತಿ" ಎಂದ. ಶಿಧೋರೆ ಬಾಯಿ ಮೂವತ್ತೈದು ವರ್ಷ ತರಗತಿಯಲ್ಲಿ ಗದ್ದಲ ಅಡಗಿಸಿದವರು. ಅವನ ಕಡೆ ತಿರುಗಲೂ ಇಲ್ಲ.

"ಶತ್ರು ಏನು ಕೊಡ್ತೀನಂದ?"

"ರಸ್ತೆ ಕಡೆ ಮೂಲೆ ಮನೆ."

"ಯಾರಿಗೆ?"

"ಎಲ್ಲಾರಿಗೂ. ಅದ ಒಂದ ಮನೆ."

"ಒಂದ ಮನೆ ಎಲ್ಲಾರಿಗೂ ಹೆಂಗ ಕೊಡ್ತಾನ?"

ಮುಕ್ತಾ ಲೆಕ್ಕದ ಹುಡುಗಿ. ಅವಳಿಗೆ ಇದು ಸುಲಭವಾಗಿತ್ತು. "ಕೊಡಾಂಗಿಲ್ಲರಿ, ಬಾಯಿ. ಒಬ್ಬರಿಗೂ ಕೊಡಾಂಗಿಲ್ಲ. ಆದ್ರ ಇವರು ಒಬ್ಬರನ್ನೊಬ್ಬರು ಕೇಳಾಂಗಿಲ್ಲಲ್ಲ, ಹಂಗಾಗಿ ಇವರಿಗೆ ಗೊತ್ತಾಗಾಂಗಿಲ್ಲ."

ಅಪ್ಪಾ ಕಾಕುಗಳನ್ನು ನೋಡಿದರು. ಕಾಕು ಕುದಳೆಯನ್ನು ನೋಡಿದರು. ಕುದಳೆ ಜಗದಾಳೆಯನ್ನು ನೋಡಿದ. ಇಂದು ನನ್ನನ್ನು ನೋಡಿದಳು, ಯಾಕೆಂದರೆ ಅಂಗಡಿಯೂ ಅದೇ ಮೂಲೆಯದು. ನೋಡಿಕೊಳ್ಳುವುದು ಮುಗಿಯುವಷ್ಟರಲ್ಲಿ ಗುಲಾಬಿ ಅತ್ತರಿನ ವಾಸನೆ ಮಾತ್ರ ಉಳಿದಿತ್ತು. ಅದರ ಒಡೆಯ ಫೋನು ಕಿವಿಗೆ ಹಚ್ಚಿಕೊಂಡು ಬೀದಿ ಸೇರಿದ್ದ.

ಶಿಧೋರೆ ಬಾಯಿ ಮುಕ್ತಾಳ ತಲೆ ಸವರಿ, "ಈ ಹುಡುಗಿಗೆ ಇತಿಹಾಸ ಯಾರು ಕಲಿಸ್ಯಾರ?" ಎಂದರು. ಬಾಪು ಕೊರಳಪಟ್ಟಿ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. ಆದರೆ ಶಿಧೋರೆ ಬಾಯಿ ಅಲ್ಲಿಗೇ ನಿಲ್ಲಿಸಲಿಲ್ಲ. "ಉತ್ತರಕ್ಕ ಪೂರ್ತಿ ಅಂಕ. ಆದ್ರ ಸೈನ್ಯ ನಿಂದ್ರಿಸೂದು ಹಿಂಗಲ್ಲ. ಎರಡನೇ ಬಹುಮಾನ" ಎಂದು ಕೊಡೆ ಎತ್ತಿಕೊಂಡು ಹೋದರು.

ಎರಡನೇ ಬಹುಮಾನ ಎಂದದ್ದೇ ತಡ, ಬಾಪುಗಳ ಸಿಟ್ಟು ಏರಿತು. ಆ ಮನುಷ್ಯನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾವು ಯಾರೂ ನೋಡಿರಲಿಲ್ಲ. "ಸೈನಿಕರನ್ನ ಸರಿಸಿದವರು ಯಾರು? ಬೆಕ್ಕಲ್ಲ ಅಂತ ಈಗ ಗೊತ್ತಾತು. ಮಕ್ಕಳು ಹದಿನೈದು ದಿನ ಮಣ್ಣು ಹೊತ್ತಾರ. ಯಾರು ಮುಟ್ಟಿದ್ರಿ ಕೋಟೆ?"

ಅಪ್ಪಾ ಪೋತದಾರರು, ಎಪ್ಪತ್ತಾರು ವರ್ಷದವರು, ನೆಲ ನೋಡುತ್ತ, "ನಾ ಮುಟ್ಟೀನಿ, ಬಾಪು. ತಪ್ಪಾತು" ಎಂದರು. ಅವರ ಕಣ್ಣಲ್ಲಿ ನೀರಿತ್ತು.

"ನಾನೂ" ಎಂದರು ಕಾಕು. ಕುದಳೆ, "ನಾನೂ, ಬಾಪು. ದೊಡ್ಡ ತಪ್ಪಾತು" ಎಂದ. ಮಹಡಿಯವರೂ ಒಬ್ಬೊಬ್ಬರಾಗಿ ಹೇಳಿದರು. ನಾನು ಸೈನಿಕರನ್ನು ಮುಟ್ಟಿರಲಿಲ್ಲ, ಆದರೂ ಬಾಯಿಂದ "ನಾನೂ" ಎಂದು ಬಂತು.

ಮಣ್ಣಿನ ಗೊಂಬೆ ಸರಿಸಿದ್ದಕ್ಕೆ ಇಷ್ಟು ಅಳುವುದನ್ನು ಕಂಡು ಬಾಪುಗಳಿಗೆ ಕನಿಕರವಾಯಿತು. ಆದರೂ ಶಿಸ್ತು ಶಿಸ್ತೇ. "ಇಷ್ಟು ಪಶ್ಚಾತ್ತಾಪ ಆದ್ರ ಬಿಡ್ರಿ. ಆದ್ರ ಶಿಕ್ಷಾ ಬೇಕು. ನಾಳೆ ಪಾಡ್ಯ, ಸಂಜಿಗೆ ಹಬ್ಬದ ಗದ್ದಲ, ಅದಕ್ಕ ಮುಂಜಾನಿ ಒಂಬತ್ತೂವರಿಗೆ ಪಾಠ ಅದ. ಕೋಟೆ ಮುಟ್ಟಿದವರೆಲ್ಲಾ ಮಕ್ಕಳ ಜೊತಿ ಕೂಡಬೇಕು. ಮೂರನೇ ಪಾಠ, ಮೊದಲಿಂದ" ಎಂದರು.

ಒಂಬತ್ತೂವರೆ ಎಂದಾಗ ಎಲ್ಲರ ತಲೆಯೂ ಒಟ್ಟಿಗೆ ಮೇಲೆದ್ದಿತು. ಜಗದಾಳೆಯ ಮುಹೂರ್ತವೂ ಅದೇ. ಮೂಲೆ ಮನೆ ಇಲ್ಲವೆಂದು ಗೊತ್ತಾಯಿತು ನಿಜ. ಆದರೆ ಬೇರೆಯವರು ಬಾರದಿದ್ದರೆ, ಒಬ್ಬನೇ ಹೋದವನಿಗೆ ಆ ಮೂಲೆ ಸಿಕ್ಕೇಬಿಟ್ಟರೆ? ಈ ಲೆಕ್ಕ ಆ ರಾತ್ರಿ ವಾಡೆಯ ಎಲ್ಲ ಮನೆಗಳಲ್ಲೂ ನಡೆದಿರಬೇಕು. ನಮ್ಮ ಮನೆಯಲ್ಲಂತೂ ನಡೆಯಿತು.

ಪಾಡ್ಯದ ಬೆಳಿಗ್ಗೆ ಒಂಬತ್ತಕ್ಕೇ ಕಾಕು ಹೊಸ ಸೀರೆಯುಟ್ಟು ಮೆಟ್ಟಿಲಿಳಿದರು. ಅವರು ಅಂಗಳಕ್ಕೆ ಹೋಗುತ್ತಾರೋ ಬೀದಿಗೋ ಎಂದು ಅಪ್ಪಾ ತಮ್ಮ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಅಪ್ಪಾ ಎಲ್ಲಿಗೆ ಹೋಗುತ್ತಾರೆಂದು ಕುದಳೆ ಟೆಂಪೋ ಒರೆಸುತ್ತ ಕಾಯುತ್ತಿದ್ದ. ಕುದಳೆಯನ್ನು ನಾನು ಕಾಯುತ್ತಿದ್ದೆ. ಕಾಕು ಬೀದಿಯ ಕಡೆ ಎರಡು ಹೆಜ್ಜೆ ಇಟ್ಟಂತೆ ಮಾಡಿ, ಅಷ್ಟು ಕಣ್ಣುಗಳನ್ನು ಕಂಡು ಅಂಗಳಕ್ಕೆ ತಿರುಗಿದರು. ಅವರ ಹಿಂದೆ ಅಪ್ಪಾ, ಅವರ ಹಿಂದೆ ಕುದಳೆ, ಅವನ ಹಿಂದೆ ನಾವು. ಒಂಬತ್ತೂವರೆಗೆ ಚಾಪೆ ಸಾಲದೆ ಇಂದು ಗೋಣಿಚೀಲ ಹಾಸಿದಳು. ಒಬ್ಬರೂ ಕಡಿಮೆ ಇರಲಿಲ್ಲ.

ಬಾಪು ಪಾಠ ಶುರುಮಾಡಿದರು. ಶತ್ರುಸೈನ್ಯ ಫಲಟಣ ತಲುಪುವಷ್ಟರಲ್ಲಿ ಅಪ್ಪಾನ ಜೇಬಿನಲ್ಲಿ ಫೋನು ರಿಂಗಾಯಿತು. ಅವರು ನೋಡಿ ಆರಿಸಿದರು. ಆಮೇಲೆ ಕಾಕುಗಳ ಸೊಂಟದ ಚೀಲದಲ್ಲಿ, ಆಮೇಲೆ ಕುದಳೆಯ ಅಂಗಿಯಲ್ಲಿ, ಆಮೇಲೆ ಇಂದುವಿನ ಮಡಿಲಲ್ಲಿ. ಮುಹೂರ್ತ ಮೀರುತ್ತಿದ್ದ ಜಗದಾಳೆಯ ಅವಸರ ಸಾಲಾಗಿ ನಮ್ಮೆಲ್ಲರ ಮೇಲೆ ಹಾದುಹೋಯಿತು. ಪ್ರತಿಯೊಬ್ಬರೂ ಪಕ್ಕದವರಿಗೆ ಕಾಣುವಂತೆ ಫೋನು ಎತ್ತಿ ಹಿಡಿದು, ಕಾಣುವಂತೆಯೇ ಆರಿಸಿದರು.

"ದೊಡ್ಡವರಿಗೆ ಪಾಠದಾಗ ಲಕ್ಷ್ಯನ ಇಲ್ಲ" ಎಂದರು ಬಾಪು. "ಇರ್ಲಿ. ಕಡೀ ಪ್ರಶ್ನೆ. ಹಿಂಗ ಪಿತೂರಿ ಆದ ಕೋಟೆ ಒಂದೊಂದು ಸಲ ಬೀಳದನ ಉಳೀತದ. ಯಾಕ?"

ಮುಕ್ತಾ ಕೈ ಎತ್ತಿದಳು. ಅವಳು ನಮ್ಮ ಕಡೆ, ಒಬ್ಬರ ಮುಖವನ್ನೊಬ್ಬರು ಓರೆಗಣ್ಣಲ್ಲಿ ಕಾಯುತ್ತ ಕೂತ ನಮ್ಮೆಲ್ಲರ ಕಡೆ ಒಮ್ಮೆ ನೋಡಿದಳು. "ಎಲ್ಲಾರೂ ಎಲ್ಲಾರ ಮ್ಯಾಲ ಕಣ್ಣಿಟ್ಟು ಕುಂತಿರ್ತಾರ ರೀ. ಹಂಗಾಗಿ ಬಾಗಿಲತನಕ ಎದ್ದು ಹೋಗಾಕ ಯಾರಿಗೂ ಧೈರ್ಯ ಆಗಾಂಗಿಲ್ಲ."

"ತಪ್ಪು" ಎಂದರು ಬಾಪು. "ಒಗ್ಗಟ್ಟಿನಿಂದ ಉಳೀತದ. ಬರಕೊಳ್ರಿ ಎಲ್ಲಾರೂ."

ನಾವೆಲ್ಲರೂ ಬರೆದುಕೊಂಡೆವು. ಪಕ್ಕದವರು ಬರೆಯುತ್ತಿದ್ದಾರೋ ಇಲ್ಲವೋ ಎಂದು ನೋಡಿ ನೋಡಿ ಬರೆದೆವು.